ಅಮ್ಮನ ಅರೆತಲೆನೋವು

ಮನೆಯಲ್ಲಿ ಮಗುವಿಗೆ ಜ್ವರ ಬಂದರೆ ಹಾಸಿಗೆ ಹಾಸಿಕೊಡುವವರಿದ್ದಾರೆ. ಯಜಮಾನರಿಗೆ ನೆಗಡಿಯಾದರೆ ಕಷಾಯ ಕುದಿಸಿಕೊಡುವವರಿದ್ದಾರೆ. ಮನೆಯೊಡತಿಗೇ ತಲೆನೋವು ಬಂದರೆ? ಹಣೆಗೊಂದು ಬಟ್ಟೆ ಬಿಗಿದುಕೊಂಡು ಅವಳು ಒಲೆಯ ಮುಂದೆಯೇ ನಿಂತಿರುತ್ತಾಳೆ. “ತಲೆನೋವು ತಾನೆ, ತಾನಾಗಿಯೇ ಹೋಗುತ್ತದೆ” ಎನ್ನುತ್ತಾರೆ ಮನೆಯವರು. ಅವಳೂ ತನಗೆ ತಾನೇ ಹಾಗೆಂದು ಹೇಳಿಕೊಳ್ಳುತ್ತಾಳೆ. ಮಧ್ಯಾಹ್ನವಾಗುತ್ತದೆ, ಸಂಜೆಯಾಗುತ್ತದೆ, ನೋವು ಮಾತ್ರ ಹೋಗುವುದಿಲ್ಲ. ರಾತ್ರಿ ಎಲ್ಲರ ಊಟ ಮುಗಿದ ಮೇಲೆ ಅವಳು ಉಪವಾಸವೇ ಕತ್ತಲೆಯ ಕೋಣೆಯಲ್ಲಿ ಮಲಗಿ, ಯಾರೂ ಮಾತನಾಡಿಸದಿದ್ದರೆ ಸಾಕೆಂದು ಬಯಸುತ್ತಾಳೆ.

ತಿಂಗಳಿಗೆರಡು ಸಲ, ನಾಲ್ಕು ಸಲ ಹೀಗಾಗುವ ತಾಯಂದಿರು ನಮ್ಮ ನಡುವೆ ಎಷ್ಟು ಮಂದಿ! ಅವರಲ್ಲಿ ಬಹುಪಾಲು ಜನರಿಗೆ ಇರುವುದು ಕೇವಲ ‘ತಲೆನೋವು’ ಅಲ್ಲ. ಅದೊಂದು ನಿಶ್ಚಿತವಾದ ವ್ಯಾಧಿ. ಅದಕ್ಕೆ ಹೆಸರಿದೆ, ಲಕ್ಷಣಗಳಿವೆ, ಚಿಕಿತ್ಸೆಯೂ ಇದೆ.

ಹೆಸರು ಹಲವು, ನೋವು ಒಂದೇ

ಬೆಳಗಾವಿಯಿಂದ ಚೋರ್ಲಾ ಘಟ್ಟದ ಮಾರ್ಗವಾಗಿ ಗೋವೆಗೆ ಹೋಗುವವರು ಖಾನಾಪುರ ತಾಲ್ಲೂಕಿನ ಜಾಂಬೋಟಿಯನ್ನು ದಾಟಿ ಹೋಗುತ್ತಾರೆ. ಮಲಪ್ರಭೆ ಹುಟ್ಟುವ ಕಣಕುಂಬಿ ಅಲ್ಲಿಂದ ಮುಂದೆ ಅದೇ ದಾರಿಯಲ್ಲಿದೆ. ಕಾಡಿನ ಅಂಚಿನ ಈ ಗಡಿಸೀಮೆಯಲ್ಲಿ ಕನ್ನಡ ಮರಾಠಿಗಳೆರಡೂ ಒಂದೇ ಅಂಗಳದಲ್ಲಿ ಕೇಳಿಬರುತ್ತವೆ. ಕನ್ನಡತಿ ‘ಅರೆತಲೆನೋವು’ ಎಂದು ನರಳಿದರೆ ನೆರೆಮನೆಯ ಮರಾಠಿ ಗೆಳತಿ ಅದನ್ನೇ ‘ಅರ್ಧಶಿಶಿ’ ಎನ್ನುತ್ತಾಳೆ. ಆಯುರ್ವೇದದ ಪ್ರಾಚೀನ ಗ್ರಂಥಗಳು ‘ಅರ್ಧಾವಭೇದಕ’ವೆಂದು ಕರೆದದ್ದೂ ತಲೆಯ ಅರ್ಧವನ್ನು ಸೀಳುವ ಇಂಥ ಶೂಲೆಯನ್ನೇ. ಪಶ್ಚಿಮದಲ್ಲಿ ಗ್ಯಾಲನ್ ಎಂಬ ಪುರಾತನ ವೈದ್ಯನು ಬಳಸಿದ ‘ಹೆಮಿಕ್ರೇನಿಯಾ’ ಎಂಬ ಪದಕ್ಕೂ ಅರ್ಧ ತಲೆ ಎಂದೇ ಅರ್ಥ. ಅದು ಜನರ ಬಾಯಲ್ಲಿ ಸವೆದು ಇಂದಿನ ‘ಮೈಗ್ರೇನ್’ ಆಯಿತು. ಹೆಸರಿನಲ್ಲಿ ಅರ್ಧವಿದ್ದರೂ ಕೆಲವರಿಗೆ ತಲೆಯ ಎರಡೂ ಬದಿ ನೋಯುವುದುಂಟು.

ಈ ನೋವಿನ ಗುರುತುಗಳು ಸ್ಪಷ್ಟವಾಗಿವೆ. ನಾಡಿ ಮಿಡಿದಂತೆ ತಲೆ ಧಿಂ ಧಿಂ ಎನ್ನುತ್ತದೆ. ಬಗ್ಗಿದರೆ, ಮೆಟ್ಟಿಲು ಹತ್ತಿದರೆ ಹೆಚ್ಚಾಗುತ್ತದೆ. ವಾಕರಿಕೆ, ಒಮ್ಮೊಮ್ಮೆ ವಾಂತಿ. ಬೆಳಕು ಕಣ್ಣಿಗೆ ಚುಚ್ಚುತ್ತದೆ. ಪಾತ್ರೆಯ ಸದ್ದು ಸಹಿಸಲಾಗದು. ಒಗ್ಗರಣೆಯ ವಾಸನೆಗೂ ಹೊಟ್ಟೆ ತೊಳಸುತ್ತದೆ. ಔಷಧವಿಲ್ಲದೆ ಬಿಟ್ಟರೆ ಇದು 4 ಗಂಟೆಗಳಿಂದ 72 ಗಂಟೆಗಳವರೆಗೆ ಕಾಡಬಲ್ಲದು. ಕೆಲವರಿಗೆ ನೋವಿಗೆ ಮೊದಲು ಕಣ್ಣೆದುರು ಮಿಂಚಿನ ಗೆರೆಗಳು, ಕೋಟೆಯ ಗೋಡೆಯಂಥ ಅಂಕುಡೊಂಕು ಬೆಳಕು ಕಾಣಿಸಿಕೊಂಡು ಒಂದು ಗಂಟೆಯೊಳಗೆ ಮಾಯವಾಗುತ್ತವೆ.

ಇದು ಮನಸ್ಸಿನ ದೌರ್ಬಲ್ಯವಲ್ಲ, ಕೆಲಸ ತಪ್ಪಿಸಿಕೊಳ್ಳುವ ನೆಪವೂ ಅಲ್ಲ. ಒಂದು ಕಾಲಕ್ಕೆ ಇದನ್ನು ಬರಿಯ ರಕ್ತನಾಳಗಳ ಹಿಗ್ಗು ಕುಗ್ಗೆಂದು ತಿಳಿದಿದ್ದರು. ಮುಖಕ್ಕೂ ಮೆದುಳಿನ ಹೊದಿಕೆಗೂ ಸಂವೇದನೆಯನ್ನು ಒಯ್ಯುವ ಒಂದು ದೊಡ್ಡ ನರವು ಕೆರಳಿ, ಅದರ ತುದಿಗಳಿಂದ ‘ಸಿ.ಜಿ.ಆರ್.ಪಿ.’ ಎಂಬ ದ್ರವ್ಯ ಹೊರಬೀಳುವುದೇ ನೋವಿಗೆ ಮುಖ್ಯ ಕಾರಣವೆಂದು ಈಗ ಗೊತ್ತಾಗಿದೆ. ಈ ರಹಸ್ಯವನ್ನು ಬಿಡಿಸಿದ ನಾಲ್ವರು ವಿಜ್ಞಾನಿಗಳಿಗೆ 2021ರಲ್ಲಿ ‘ಬ್ರೇನ್ ಪ್ರೈಜ್’ ಎಂಬ ಅಂತರರಾಷ್ಟ್ರೀಯ ಪ್ರಶಸ್ತಿ ದೊರೆಯಿತು. ಕೆರಳುವ ಈ ಸ್ವಭಾವ ಬಹಳಷ್ಟು ಮಟ್ಟಿಗೆ ವಂಶದಿಂದ ಬಂದದ್ದು. ಅಜ್ಜಿಯ ತಲೆನೋವು ತಾಯಿಗೂ, ತಾಯಿಯದು ಮಗಳಿಗೂ ಇಳಿದುಬರುವುದನ್ನು ಎಷ್ಟೋ ಮನೆಗಳಲ್ಲಿ ಕಾಣುತ್ತೇವೆ.

ನಾಲ್ವರಲ್ಲಿ ಒಬ್ಬರು

ನಮ್ಮ ರಾಜ್ಯದಲ್ಲಿ ಇದು ಎಷ್ಟು ವ್ಯಾಪಕ? ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಬೆಂಗಳೂರು ನಗರದಲ್ಲೂ ಸುತ್ತಣ ಹಳ್ಳಿಗಳಲ್ಲೂ ಮನೆಮನೆಗೆ ಹೋಗಿ, 18ರಿಂದ 65 ವರ್ಷದೊಳಗಿನ 2,329 ಜನರನ್ನು ವಿಚಾರಿಸಿದರು. 2015ರಲ್ಲಿ ಪ್ರಕಟವಾದ ಈ ಸಮೀಕ್ಷೆಯ ಪ್ರಕಾರ ಒಂದು ವರ್ಷದ ಅವಧಿಯಲ್ಲಿ ಮೈಗ್ರೇನ್ ಅನುಭವಿಸಿದವರು ನೂರಕ್ಕೆ 25 ಮಂದಿ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಅಚ್ಚರಿಯೆಂದರೆ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು! ‘ಇದು ಪಟ್ಟಣದ ನಾಜೂಕು ಹೆಂಗಸರ ಕಾಯಿಲೆ’ ಎಂಬ ಮಾತಿಗೆ ಇದಕ್ಕಿಂತ ಉತ್ತರ ಬೇಕೆ?

ಬಾಲ್ಯದಲ್ಲಿ ಹುಡುಗ ಹುಡುಗಿಯರಲ್ಲಿ ಈ ನೋವು ಹೆಚ್ಚುಕಡಿಮೆ ಸಮನಾಗಿರುತ್ತದೆ. ಹುಡುಗಿ ಋತುಮತಿಯಾದ ಮೇಲೆ ವ್ಯತ್ಯಾಸ ತೊಡಗುತ್ತದೆ. ತಿಂಗಳ ಮುಟ್ಟಿನ ಹೊತ್ತಿಗೆ ದೇಹದಲ್ಲಿ ಈಸ್ಟ್ರೋಜನ್ ಎಂಬ ರಸದ ಮಟ್ಟ ಥಟ್ಟನೆ ಇಳಿಯುವುದೇ ಅನೇಕರಲ್ಲಿ ನೋವಿಗೆ ಕಾರಣ. ಗರ್ಭಿಣಿಯಾದಾಗ, ವಿಶೇಷವಾಗಿ ಮೂರು ತಿಂಗಳು ಕಳೆದ ಬಳಿಕ, ಹಲವರಿಗೆ ಈ ಪೀಡೆ ತಗ್ಗುತ್ತದೆ. ಹೆರಿಗೆಯಾಗಿ, ನಿದ್ದೆಗೆಟ್ಟು ಕೂಸಿಗೆ ಹಾಲೂಡಿಸುವ ದಿನಗಳಲ್ಲಿ ಮರಳಿ ಬರುತ್ತದೆ. ಸಂಸಾರದ ಭಾರ ಅತಿ ಹೆಚ್ಚಾಗಿರುವ ವಯಸ್ಸು ಯಾವುದೋ ಈ ನೋವು ಅತಿ ಹೆಚ್ಚಾಗಿ ಕಾಡುವ ವಯಸ್ಸೂ ಅದೇ.

ದಿನಚರಿಯಲ್ಲಿ ಅಡಗಿರುವ ಕಿಡಿಗಳು

ಜಾಂಬೋಟಿಯಂಥ ಊರಿನ ಒಬ್ಬ ತಾಯಿಯ ದಿನವನ್ನು ಕಣ್ಣಮುಂದೆ ತಂದುಕೊಳ್ಳಿ. ಮಕ್ಕಳ ಶಾಲೆ, ಗಂಡನ ಬೆಳಗಾವಿಯ ಬಸ್ಸು. ಅದಕ್ಕಾಗಿ ಅವಳು ಬೆಳಕು ಹರಿಯುವ ಮುನ್ನ ಏಳಬೇಕು. ಎಲ್ಲರ ಡಬ್ಬಿ ತುಂಬಿದ ಮೇಲೆ ತನ್ನ ಉಪಾಹಾರವನ್ನು ಮರೆಯುತ್ತಾಳೆ. ಮಳೆಗಾಲವಾದರೆ ನೀರೊಲೆಯಲ್ಲಿ ಹಸಿ ಸೌದೆ ಹೊಗೆಯಾಡುತ್ತದೆ. ಅಂದು ಸಂಕಷ್ಟಿಯಾದರೆ ರಾತ್ರಿ ಚಂದ್ರದರ್ಶನವಾಗುವವರೆಗೆ ಉಪವಾಸ. ಅದೇ ದಿನ ತಲೆಗೆ ಸ್ನಾನ, ಒದ್ದೆ ಕೂದಲನ್ನು ಗಂಟು ಹಾಕಿಕೊಂಡೇ ಪೂಜೆ, ಮುಚ್ಚಿದ ಕೋಣೆಯಲ್ಲಿ ಊದುಬತ್ತಿಯ ಘಾಟು. ಸಂಜೆಗೆ ತಲೆ ಸಿಡಿಯತೊಡಗಿದರೆ ಆಶ್ಚರ್ಯವೇನು? ಬೆಳಗಾವಿಯ ತಿಳಕವಾಡಿಯಲ್ಲೋ ಬೆಂಗಳೂರಿನ ಮಲ್ಲೇಶ್ವರದಲ್ಲೋ ಇರುವ ತಾಯಿಯ ದಿನವೂ ಇದಕ್ಕಿಂತ ಬಹಳ ಭಿನ್ನವೇನಲ್ಲ; ನೀರೊಲೆಯ ಹೊಗೆಯ ಬದಲು ಕಛೇರಿಯ ಗಣಕಯಂತ್ರದ ಬೆಳಕು, ಅಷ್ಟೆ.

ತಲೆಸ್ನಾನದ ಮಾತು ಅಜ್ಜಿಯರ ಕಲ್ಪನೆಯಲ್ಲ. ಮುಂಬಯಿಯ ತಲೆನೋವಿನ ತಜ್ಞ ಡಾ. ಕೆ. ರವಿಶಂಕರ್ ಅವರು, ತಲೆಗೆ ನೀರು ಹಾಕಿಕೊಂಡಾಗ ಮೈಗ್ರೇನ್ ಬರುವ 94 ರೋಗಿಗಳ ವಿವರವನ್ನು 2006ರಲ್ಲಿ ವೈದ್ಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ್ದಾರೆ. ಉದ್ದ ಕೂದಲಿನ ನಮ್ಮ ಹೆಂಗಸರು ಹೇಳುತ್ತ ಬಂದದ್ದನ್ನು ವೈದ್ಯಶಾಸ್ತ್ರ ಹೀಗೆ ಒಪ್ಪಿಕೊಂಡಿದೆ.

ಹಾಗೆಂದು ವ್ರತವನ್ನು ಬಿಡಬೇಕೆ? ತಲೆಸ್ನಾನವನ್ನು ತೊರೆಯಬೇಕೆ? ಬೇಕಾಗಿಲ್ಲ. ಒಂದೊಂದು ಕಿಡಿಯನ್ನು ತಲೆ ತಡೆದುಕೊಳ್ಳಬಲ್ಲದು. ನಾಲ್ಕಾರು ಕೂಡಿದಾಗಲೇ ಉರಿ ಹತ್ತುವುದು. ಉಪವಾಸದ ದಿನ ತಲೆಸ್ನಾನವನ್ನು ಹಿಂದಿನ ದಿನಕ್ಕೆ ಸರಿಸಬಹುದು. ಕೂದಲನ್ನು ಕೂಡಲೇ ಒಣಗಿಸಬಹುದು. ನಿರಾಹಾರದ ಬದಲು ಹಾಲು, ಹಣ್ಣು, ಸಾಬೂದಾಣಿಯ ಫಲಾಹಾರವನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಬಹುದು. ಚಹಾ ಕಾಫಿಯನ್ನು ದಿನವೂ ಒಂದೇ ಪ್ರಮಾಣದಲ್ಲಿ ಕುಡಿಯಬೇಕು. ಒಂದು ದಿನ ಐದು ಲೋಟ, ಮರುದಿನ ಏನೂ ಇಲ್ಲ ಎಂದರೆ ಅದೂ ತಲೆನೋವನ್ನು ಕರೆಯುತ್ತದೆ. ನಿದ್ದೆಯದೂ ಇದೇ ನ್ಯಾಯ. ಭಾನುವಾರವೂ ಏಳುವ ಹೊತ್ತು ಬಹಳ ಬದಲಾಗಬಾರದು.

ಯಾರಿಗೆ ಯಾವುದು ಕಿಡಿ ಎಂಬುದನ್ನು ಕಂಡುಕೊಳ್ಳಲು ಗೋಡೆಯ ಪಂಚಾಂಗವೇ ಸಾಕು. ನೋವು ಬಂದ ದಿನಕ್ಕೊಂದು ಗುರುತು, ಮುಟ್ಟಿನ ದಿನಕ್ಕೊಂದು, ಮಾತ್ರೆ ನುಂಗಿದ ದಿನಕ್ಕೊಂದು. ಮೂರು ತಿಂಗಳು ಬರೆದಿಟ್ಟರೆ ಕಾರಣಗಳು ತಾವಾಗಿಯೇ ಕಾಣತೊಡಗುತ್ತವೆ. ವೈದ್ಯರಿಗೂ ಆ ಪುಟಗಳು ಯಾವ ದುಬಾರಿ ಪರೀಕ್ಷೆಗಿಂತ ಹೆಚ್ಚು ಉಪಯುಕ್ತ.

ಮೊದಲ ಗಂಟೆಯ ಬೆಲೆ

ಇಷ್ಟೆಲ್ಲ ಎಚ್ಚರವಿದ್ದರೂ ನೋವು ಬಂದೇ ಬರುವ ದಿನಗಳುಂಟು. ಆಗ ಮುಖ್ಯವಾದದ್ದು ಒಂದೇ: ಮೊದಲ ಗಂಟೆಯನ್ನು ಕಳೆದುಕೊಳ್ಳಬಾರದು.

ನೋವು ಹೇಳದೆ ಕೇಳದೆ ಬರುವುದು ಅಪರೂಪ. ಹಲವರಿಗೆ ಕೆಲವು ಗಂಟೆಗಳ ಮೊದಲೇ, ಒಮ್ಮೊಮ್ಮೆ ಹಿಂದಿನ ದಿನವೇ ಸೂಚನೆಗಳು ದೊರೆಯುತ್ತವೆ: ಮತ್ತೆಮತ್ತೆ ಆಕಳಿಕೆ, ಕತ್ತಿನಲ್ಲಿ ಬಿಗಿತ, ವಿನಾಕಾರಣ ಸಿಡುಕು, ಸಿಹಿ ತಿನ್ನುವ ಆಸೆ. ಈ ಸೂಚನೆಗಳನ್ನು ಗುರುತಿಸಿ, ನೋವು ತಲೆಯೆತ್ತಿದ ಕೂಡಲೇ ವೈದ್ಯರು ಹೇಳಿದ ಮಾತ್ರೆಯನ್ನು ಪೂರ್ಣ ಪ್ರಮಾಣದಲ್ಲಿ ನೀರಿನೊಡನೆ ನುಂಗಿ, ಕತ್ತಲೆಯ ಕೋಣೆಯಲ್ಲಿ ಹಣೆಗೆ ತಣ್ಣೀರ ಬಟ್ಟೆ ಹಾಕಿಕೊಂಡು ಮಲಗಿದರೆ ಎಷ್ಟೋ ಸಲ ಎರಡು ಗಂಟೆಗಳಲ್ಲಿ ಎದ್ದು ಓಡಾಡುವಂತಾಗುತ್ತದೆ.

ಆದರೆ ನಮ್ಮ ತಾಯಂದಿರು ಮಾಡುವುದೇನು? ‘ಈ ಅಡುಗೆಯೊಂದು ಮುಗಿಯಲಿ, ಈ ಬಟ್ಟೆಯೊಂದು ಒಣಹಾಕಿಬಿಡೋಣ’ ಎಂದು ಮುಂದೂಡುತ್ತಾರೆ. ಮೈಗ್ರೇನಿನ ಹೊತ್ತಿನಲ್ಲಿ ಜಠರದ ಚಲನೆಯೂ ಮಂದವಾಗುತ್ತದೆ. ತಡವಾಗಿ ನುಂಗಿದ ಮಾತ್ರೆ ಕರುಳಿಗೆ ಇಳಿಯದೆ ಅಲ್ಲಿಯೇ ಉಳಿಯುತ್ತದೆ, ಇಲ್ಲವೆ ವಾಂತಿಯಲ್ಲಿ ಹೊರಬೀಳುತ್ತದೆ. ವಾಕರಿಕೆ ಹೆಚ್ಚಿರುವವರಿಗೆ ವೈದ್ಯರು ಅದನ್ನು ತಡೆಯುವ ಮಾತ್ರೆಯನ್ನೂ ಜೊತೆಗೆ ಕೊಡುವುದು ಇದಕ್ಕಾಗಿಯೇ. ಒಂದು ಗಂಟೆಯನ್ನು ಉಳಿಸಲು ಹೋಗಿ ಒಂದು ದಿನವನ್ನೇ ಕಳೆದುಕೊಳ್ಳುವ ಲೆಕ್ಕವಿದು.

ಮಾತ್ರೆಯೇ ಮುಳ್ಳಾದಾಗ

ಇನ್ನೊಂದು ಅಪಾಯವನ್ನು ಇಲ್ಲಿ ಹೇಳಲೇಬೇಕು. ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ತಲೆನೋವಿನ ಮಾತ್ರೆಯನ್ನು ಚಹಾದೊಡನೆ ನುಂಗುವ ಅಭ್ಯಾಸ ನಮ್ಮಲ್ಲಿ ಬಹಳ. ಪ್ಯಾರಸಿಟಮಾಲ್‌ನಂಥ ಸಾಮಾನ್ಯ ನೋವುನಿವಾರಕವನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಕೆಫೀನ್ ಮೊದಲಾದವು ಬೆರೆತ ಮಿಶ್ರ ಮಾತ್ರೆಗಳನ್ನು ತಿಂಗಳಿಗೆ 10 ದಿನ ಅಥವಾ ಹೆಚ್ಚು, ಮೂರು ತಿಂಗಳ ಮೇಲೆ ನುಂಗುತ್ತ ಹೋದರೆ ಆ ಮಾತ್ರೆಯೇ ತಲೆನೋವನ್ನು ಹುಟ್ಟಿಸತೊಡಗುತ್ತದೆ. ನೋವಿಗೆ ಮಾತ್ರೆ, ಮಾತ್ರೆಯಿಂದ ನೋವು. ಗಾಣದ ಎತ್ತಿನ ಸುತ್ತು. ಪಂಚಾಂಗದ ಮೇಲಿನ ಮಾತ್ರೆಯ ಗುರುತುಗಳು ವಾರಕ್ಕೆ ಎರಡನ್ನು ಮೀರುತ್ತಿದ್ದರೆ ವೈದ್ಯರನ್ನು ಕಾಣುವ ಕಾಲ ಬಂದಿದೆಯೆಂದೇ ತಿಳಿಯಬೇಕು.

ತಿಂಗಳಿಗೆ ನಾಲ್ಕು ದಿನಗಳಿಗಿಂತ ಹೆಚ್ಚು ಕಾಡುವ ಮೈಗ್ರೇನನ್ನು ತಡೆಗಟ್ಟಲು ಬೇರೆಯೇ ಔಷಧಗಳಿವೆ. ರಕ್ತದೊತ್ತಡ, ಖಿನ್ನತೆ, ಮೂರ್ಛೆರೋಗಗಳಿಗೆಂದು ಬಂದ ಕೆಲವು ಹಳೆಯ ಔಷಧಗಳೇ ಇಲ್ಲಿಯೂ ಕೆಲಸಕ್ಕೆ ಬರುತ್ತವೆ. ‘ನನಗೇಕೆ ಮೂರ್ಛೆಯ ಮಾತ್ರೆ?’ ಎಂದು ಗಾಬರಿಯಾಗಬೇಕಿಲ್ಲ. ಇವುಗಳ ಫಲ ಕಾಣಲು ಎರಡು ಮೂರು ತಿಂಗಳು ಹಿಡಿಯುತ್ತದೆ. ವಾರದಲ್ಲೇ ಬಿಟ್ಟುಬಿಟ್ಟರೆ ಪ್ರಯೋಜನವಿಲ್ಲ. ಅಸ್ತಮಾ ಇರುವವರು, ಬಸುರಿಯರು, ಬಸಿರು ಬಯಸುವವರು, ಹಾಲೂಡಿಸುವವರು ಅದನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು; ಇವುಗಳಲ್ಲಿ ಕೆಲವು ಗರ್ಭಸ್ಥ ಶಿಶುವಿಗೆ ಹಾನಿಕರ. ಕಣ್ಣೆದುರು ಮಿಂಚು ಕಾಣುವ ಬಗೆಯ ಮೈಗ್ರೇನ್ ಇರುವವರು ಸಂತಾನ ನಿಯಂತ್ರಣದ ಗುಳಿಗೆಯನ್ನು ಕೇಳದೆ ತೆಗೆದುಕೊಳ್ಳಬಾರದು. ಈಸ್ಟ್ರೋಜನ್ ಇರುವ ಗುಳಿಗೆಯಿಂದ ಅಂಥವರಿಗೆ ಪಾರ್ಶ್ವವಾಯುವಿನ ಭಯ ಹೆಚ್ಚು.

ತಡಮಾಡಬಾರದ ತಲೆನೋವು

ಎಲ್ಲ ತಲೆನೋವೂ ಮೈಗ್ರೇನ್ ಅಲ್ಲ. ಸಿಡಿಲು ಬಡಿದಂತೆ ಕ್ಷಣದಲ್ಲಿ ಬಂದ ಭಯಂಕರ ನೋವು, ಜ್ವರದೊಡನೆ ಕತ್ತು ಸೆಟೆದುಕೊಳ್ಳುವುದು, ಕೈಕಾಲು ಸೋಲುವುದು, ಮಾತು ತೊದಲುವುದು, ತಲೆಗೆ ಪೆಟ್ಟು ಬಿದ್ದ ಮೇಲಿನ ನೋವು, 50 ವರ್ಷ ದಾಟಿದ ಮೇಲೆ ಮೊದಲ ಸಲ ತೊಡಗಿದ ನೋವು – ಇವುಗಳಲ್ಲಿ ಯಾವುದನ್ನೂ ಮನೆಮದ್ದಿನಿಂದ ಸಂತೈಸುತ್ತ ಕೂರಬಾರದು. ಬಾಣಂತಿಯ ಹೊಸ ತಲೆನೋವಂತೂ ವಿಶೇಷ ಎಚ್ಚರಿಕೆಗೆ ಪಾತ್ರ. ಹೆರಿಗೆಯಾದ ವಾರಗಳಲ್ಲಿ ಮೆದುಳಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವ ರೋಗ ನಮ್ಮ ದೇಶದಲ್ಲಿ ಅಪರೂಪವಲ್ಲ. ‘ಬಾಣಂತಿಗೆ ಶೀತವಾಗಿದೆ’ ಎಂದು ಕೋಣೆಯಲ್ಲಿ ಹೊಗೆ ಹಾಕಿ ಕೂರಿಸಿದರೆ ಜೀವಕ್ಕೇ ಅಪಾಯ. ಅಂಥ ಸಂದರ್ಭದಲ್ಲಿ ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ಹೋಗಲು ಬೆಳಗಾಗುವುದನ್ನು ಕಾಯಬಾರದು.

ತಲೆನೋವಿಗಾಗಿ ವೈದ್ಯರ ಬಳಿ ಹೋಗುವುದು ಸಂಕೋಚದ ವಿಷಯವೆಂದು ಭಾವಿಸುವವರಿಗೆ ಒಂದು ಮಾತು. 2022ರಲ್ಲಿ ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಕೂಡಿ ಆರಂಭಿಸಿದ ಕರ್ನಾಟಕ ಮೆದುಳು ಆರೋಗ್ಯ ಯೋಜನೆಯಲ್ಲಿ ಪಾರ್ಶ್ವವಾಯು, ಮೂರ್ಛೆರೋಗ, ಮರೆಗುಳಿತನಗಳ ಸಾಲಿನಲ್ಲೇ ತಲೆನೋವಿಗೂ ಸ್ಥಾನ ದೊರೆತಿದೆ. ಸರ್ಕಾರವೇ ಕಾಯಿಲೆಯೆಂದು ಒಪ್ಪಿದ್ದನ್ನು ಸಂಸಾರ ಒಪ್ಪಬಾರದೆ?

ಮನೆಯವರ ಪಾಲು

ಈ ಚಿಕಿತ್ಸೆಯ ಅರ್ಧ ಭಾಗ ಔಷಧದ ಅಂಗಡಿಯಲ್ಲಿಲ್ಲ, ಮನೆಯಲ್ಲಿದೆ. ತಾಯಿಗೆ ಮೊದಲ ಗಂಟೆ ಸಿಗಬೇಕಾದರೆ ಆ ಗಂಟೆಯನ್ನು ಇನ್ನೊಬ್ಬರು ಹೊರಬೇಕು. ನೋವಿಲ್ಲದ ಒಂದು ದಿನ ಮನೆಮಂದಿಯೆಲ್ಲ ಕುಳಿತು ಇದನ್ನು ನಿಶ್ಚಯಿಸಿಕೊಳ್ಳುವುದು ಮೇಲು. ಅಮ್ಮ ‘ತಲೆ’ ಎಂದೊಡನೆ ಒಲೆ ಯಾರದು, ಕೂಸು ಯಾರದು, ಮಕ್ಕಳ ಪಾಠ ಯಾರದು? ಅನ್ನಕ್ಕಿಡುವುದನ್ನು ಗಂಡನೂ, ಹತ್ತು ವರ್ಷದ ಮಗನೂ ಕಲಿಯಬಲ್ಲರು. ಅಂದು ಅನ್ನ, ಮೊಸರು, ಉಪ್ಪಿನಕಾಯಿಯಾದರೆ ಯಾರಿಗೂ ಪುಷ್ಟಿ ಕಡಿಮೆಯಾಗದು. ರೇಡಿಯೋ, ಟೆಲಿವಿಷನ್ನುಗಳ ಸದ್ದು ತಗ್ಗಲಿ. ಕಿಟಕಿಗೆ ಪರದೆ ಬೀಳಲಿ. ಮಲಗಿದವಳನ್ನು ಕಾಲು ಗಂಟೆಗೊಮ್ಮೆ ‘ಹೇಗಿದೆ?’ ಎಂದು ಎಬ್ಬಿಸದಿರುವುದೂ ಒಂದು ಉಪಚಾರವೇ.

ನೋವು ಇಳಿದ ಮರುದಿನವೂ ಅವಳ ಮೈ ಸೋತಿರುತ್ತದೆ, ಮನಸ್ಸು ಮಂಕಾಗಿರುತ್ತದೆ. ಅದೂ ಕಾಯಿಲೆಯ ಭಾಗವೇ. ಉಳಿದ ಕೆಲಸವನ್ನೆಲ್ಲ ಅಂದೇ ಮುಗಿಸಿಬಿಡುವ ಅವಸರ ಅವಳಿಗೂ ಬೇಡ, ಅದನ್ನು ಅಪೇಕ್ಷಿಸುವುದು ಮನೆಯವರಿಗೂ ಬೇಡ.

ಸೋದರಿಯರೇ, ನೋವನ್ನು ನುಂಗಿಕೊಂಡು ದುಡಿಯುವುದನ್ನು ನಮ್ಮ ಸಮಾಜ ತಾಯ್ತನದ ಹಿರಿಮೆಯೆಂದು ಹೊಗಳುತ್ತ ಬಂದಿದೆ. ಆ ಹೊಗಳಿಕೆಗಾಗಿ ತಿಂಗಳಿಗೆ ನಾಲ್ಕು ದಿನಗಳನ್ನು ತೆರುವುದು ಬಹಳ ದುಬಾರಿ. ಮುಂದಿನ ಸಲ ಆಕಳಿಕೆಯೂ ಕತ್ತಿನ ಬಿಗಿತವೂ ಕಾಣಿಸಿಕೊಂಡಾಗ ಒಲೆಯನ್ನು ಆರಿಸಿ, ಮನೆಯವರನ್ನು ಕರೆದು ಹೇಳಿ, ಹೋಗಿ ಮಲಗಿ. ಮಕ್ಕಳು ಅದನ್ನು ನೋಡಲಿ. ಅಮ್ಮನ ತಲೆನೋವು ಮಗಳಿಗೂ ಇಳಿದು ಬಂದೀತು. ಅದರ ಜೊತೆಗೆ ಹೊತ್ತಿಗೆ ಸರಿಯಾಗಿ ವಿಶ್ರಮಿಸುವ ವಿವೇಕವೂ ಅವಳಿಗೆ ಇಳಿದು ಬರಲಿ.