ಮೊದಲು ಕನ್ನಡ ಕಲಿತರೆ ಮಗುವಿನ ಇಂಗ್ಲಿಷ್ ಸ್ಪೆಲ್ಲಿಂಗ್ ಹಾಳಾಗುತ್ತದೆಯೇ?

‘ಮಗುವಿಗೆ ಇಂಗ್ಲಿಷ್ ಬರಬೇಕಾದರೆ ಮನೆಯಲ್ಲಿ ಕನ್ನಡ ನಿಲ್ಲಿಸಿ, ಎರಡು ಭಾಷೆ ಕಲಿಸಿದರೆ ಸ್ಪೆಲ್ಲಿಂಗ್ ಗೊಂದಲವಾಗುತ್ತದೆ.’ ಎಲ್‌ಕೆಜಿ, ಯುಕೆಜಿ ಪೋಷಕರ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಇಂಥ ಮಾತು ಆಗಾಗ ಬರುತ್ತದೆ. ನಂಬಿದರೆ ಮೊದಲು ನಿಲ್ಲುವುದು ಅಜ್ಜಿಯ ಕಥೆ. ಆದರೆ ಇದು ನಿಜವಲ್ಲ.

ಗೊಂದಲ ಎಲ್ಲಿಂದ ಬರುತ್ತದೆ?

ಇಂಗ್ಲಿಷ್‌ನಿಂದಲೇ. ಕನ್ನಡದಲ್ಲಿ ‘ಕ’ ಅಕ್ಷರದ ಹೆಸರೂ ಉಚ್ಚಾರವೂ ಒಂದೇ. ಇಂಗ್ಲಿಷ್‌ನಲ್ಲಿ 26 ಅಕ್ಷರಗಳು ಸುಮಾರು 44 ಧ್ವನಿಗಳ ಕೆಲಸ ಮಾಡಬೇಕು. ‘ಸಿ’ ಎಂಬ ಅಕ್ಷರ ಕ್ಯಾಟ್‌ನಲ್ಲಿ ‘ಕ್’, ಸಿಟಿಯಲ್ಲಿ ‘ಸ್’. ‘ಸಿ-ಎ-ಟಿ’ ಎಂದು ಹತ್ತು ಸಲ ಬಾಯಿಪಾಠ ಮಾಡಿಸಿದರೂ ಅದು ‘ಕ್ಯಾಟ್’ ಹೇಗಾಯಿತು ಎಂದು ಮಗುವಿಗೆ ತಿಳಿಯುವುದಿಲ್ಲ.

ಅಕ್ಷರದ ಹೆಸರಿನ ಬದಲು ಅದರ ಧ್ವನಿಯನ್ನು ಹೇಳಿಕೊಟ್ಟು, ಧ್ವನಿಗಳನ್ನು ಕೂಡಿಸಿ ಓದಿಸುವುದೇ ಫೋನಿಕ್ಸ್. ಇದನ್ನು ಕ್ರಮವಾಗಿ ಕಲಿಸಿದರೆ ಓದು, ಸ್ಪೆಲ್ಲಿಂಗ್ ಎರಡೂ ಸುಧಾರಿಸುತ್ತವೆ ಎಂದು ಅಮೆರಿಕದ ನ್ಯಾಷನಲ್ ರೀಡಿಂಗ್ ಪ್ಯಾನೆಲ್ 2000ದಲ್ಲೇ ವರದಿ ಮಾಡಿತ್ತು.

ಕನ್ನಡ ಅಡ್ಡಿಯೋ, ಆಸರೆಯೋ?

‘ಕ್’ಗೆ ‘ಇ’ ಸೇರಿದರೆ ‘ಕಿ’. ಕಾಗುಣಿತ ಕಲಿತ ಮಗುವಿಗೆ ಧ್ವನಿ ಕೂಡಿಸುವುದು ಹೊಸದೇನಲ್ಲ. ಒಂದು ಭಾಷೆಯಲ್ಲಿ ಧ್ವನಿಗಳನ್ನು ಗುರುತಿಸಲು ಕಲಿತ ಕಿವಿ ಇನ್ನೊಂದಕ್ಕೂ ನೆರವಾಗುತ್ತದೆ.

ಎರಡು ಕಡೆ ಮಾತ್ರ ಎಚ್ಚರ ಬೇಕು. ನಾವು ‘ಬಸ್ಸು’, ‘ಪೆನ್ನು’ ಎನ್ನುತ್ತೇವೆ. ಹಾಗಾಗಿ ಮಗು ಬರೆಯುವಾಗಲೂ ಕೊನೆಗೊಂದು ‘ಯು’ ಸೇರಿಸಬಹುದು. ‘ವಿ’, ‘ಡಬ್ಲ್ಯೂ’ ಎರಡಕ್ಕೂ ನಮ್ಮಲ್ಲಿ ‘ವ’ ಒಂದೇ. ‘ವಿ’ಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ‘ಡಬ್ಲ್ಯೂ’ಗೆ ತುಟಿ ದುಂಡಗಾಗಬೇಕು. ಕನ್ನಡಿ ಮುಂದೆ ನಿಂತು ತೋರಿಸಿ.

ಮನೆಯಲ್ಲಿ ಏನು ಮಾಡಬಹುದು?

• ಎ ಇಂದ ಝಡ್‌ವರೆಗೆ ಒಟ್ಟಿಗೆ ಬೇಡ. ಎಸ್, ಎ, ಟಿ, ಪಿ, ಐ, ಎನ್ ಆರರಿಂದ ಶುರುಮಾಡಿ. ಇಷ್ಟರಲ್ಲೇ ಪಿನ್, ಟಿನ್, ಟ್ಯಾಪ್, ನ್ಯಾಪ್ ಓದಬಹುದು.

• ‘ಪ’, ‘ಟ’ ಎನ್ನಬೇಡಿ. ‘ಪ್’, ‘ಟ್’ ಎಂದು ಚಿಕ್ಕದಾಗಿ ಹೇಳಿ. ಇಲ್ಲದಿದ್ದರೆ ‘ಪಿನ್’ ಹೋಗಿ ‘ಪಇನ’ ಆಗುತ್ತದೆ.

• ಮಗು ಕ್ಯಾಟ್ ಅನ್ನು ‘ಕೆ’ಯಿಂದ ಬರೆದರೆ ಬೈಯಬೇಡಿ. ಅದು ಧ್ವನಿಯನ್ನು ಸರಿಯಾಗಿಯೇ ಕೇಳಿಸಿಕೊಂಡಿದೆ. ‘ಇಲ್ಲಿ ಸಿ ಬರೆಯುತ್ತೇವೆ’ ಎಂದರೆ ಸಾಕು.

• ದಿನಕ್ಕೆ ಹತ್ತು ನಿಮಿಷ ಸಾಕು.

ಫೋನಿಕ್ಸ್ ಮಂತ್ರವಲ್ಲ. ‘ಸೆಡ್’, ‘ವಾಸ್’, ‘ಒನ್’ ಇಂಥ ಪದಗಳಲ್ಲಿ ನಿಯಮಕ್ಕೆ ಸಿಗದ ಭಾಗವನ್ನು ನೆನಪಿಟ್ಟುಕೊಳ್ಳಲೇಬೇಕು. ‘30 ದಿನದಲ್ಲಿ ಏನು ಬೇಕಾದರೂ ಓದುತ್ತದೆ’ ಎಂಬ ಜಾಹೀರಾತನ್ನು ನಂಬಬೇಡಿ. ಎರಡನೇ ತರಗತಿಗೆ ಬಂದರೂ ಚಿಕ್ಕ ಪದಗಳು ತೊಡಕಾದರೆ ಸೋಮಾರಿ ಎನ್ನಬೇಡಿ. ಕಣ್ಣು, ಕಿವಿ ಪರೀಕ್ಷೆ ಮಾಡಿಸಿ, ಡಿಸ್ಲೆಕ್ಸಿಯಾ ಇರಬಹುದೇ ಎಂದು ತಜ್ಞರನ್ನು ಕೇಳಿ.

ಕೊನೆಯ ಮಾತು: ಕನ್ನಡ ಕಲಿತರೆ ಇಂಗ್ಲಿಷ್ ಕೆಡುತ್ತದೆ ಎಂಬುದು ತಪ್ಪು. ಆ ಸಂದೇಶ ಮತ್ತೆ ಬಂದರೆ ಫಾರ್ವರ್ಡ್ ಮಾಡಬೇಡಿ. ಅಜ್ಜಿಯ ಕಥೆ ಮುಂದುವರಿಯಲಿ.