ಖಾಲಿ ಕಂಸದೊಳಗಿನ ಗುಟ್ಟು

ಅಮೆರಿಕದಲ್ಲಿ ಅಣು ವಿದ್ಯುತ್ ಸ್ಥಾವರಕ್ಕೆ ಪರವಾನಗಿ ಕೇಳುವ ಕಂಪೆನಿಗಳು ಅಲ್ಲಿನ ಪರಮಾಣು ನಿಯಂತ್ರಣ ಆಯೋಗಕ್ಕೆ ರಾಶಿ ರಾಶಿ ತಾಂತ್ರಿಕ ವರದಿಗಳನ್ನು ಒಪ್ಪಿಸುತ್ತವೆ. ಸಾರ್ವಜನಿಕರಿಗೆ ಸಿಗುವ ಪ್ರತಿಗಳಲ್ಲಿ ಒಂದನ್ನು ತೆರೆದು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ವಾಕ್ಯ ಸರಾಗವಾಗಿ ಸಾಗುತ್ತಿರುತ್ತದೆ. ಲೆಕ್ಕ ಹಾಕಿದ ಬಗೆ, ಕೈಗೆ ಬಂದ ಅಂಕಿ ಹೇಳಬೇಕಾದ ಹೊತ್ತಿಗೆ ಸರಿಯಾಗಿ ಒಂದು ಚೌಕ ಕಂಸ ಎದುರಾಗುತ್ತದೆ. ಕಂಸದೊಳಗೆ ಏನೂ ಇಲ್ಲ. ಕೆಲವೆಡೆ ಅರ್ಧ ಪುಟವೇ ಖಾಲಿ. ಕಂಸದ ತಲೆಯ ಮೇಲೆ ‘ಎ’, ‘ಸಿ’ ಎಂಬಂಥ ಪುಟ್ಟ ಅಕ್ಷರ ಮಾತ್ರ ಕೂತಿರುತ್ತದೆ. ಯಾವ ಕಾರಣಕ್ಕೆ ಆ ಜಾಗ ಖಾಲಿಯಾಯಿತು ಎಂಬುದಕ್ಕೆ ಅದು ಗುರುತು.

ವೆಸ್ಟಿಂಗ್‌ಹೌಸ್‌ನಂಥ ಕಂಪೆನಿಗಳು ಇಂಥ ಪ್ರತಿಯೊಂದು ವರದಿಯನ್ನೂ ಎರಡು ಬಾರಿ ಅಚ್ಚು ಹಾಕಿಸುತ್ತವೆ. ‘ಪಿ’ ಗುರುತಿನದು ಪೂರ್ಣ ಪ್ರತಿ, ಆಯೋಗದ ಅಧಿಕಾರಿಗಳಿಗೆ. ‘ಎನ್‌ಪಿ’ ಗುರುತಿನದು ಕಂಸಗಳನ್ನು ಖಾಲಿ ಮಾಡಿದ್ದು, ಊರವರಿಗೆ.

ನಾಟಿ ವೈದ್ಯರನ್ನು ಬಲ್ಲವರಿಗೆ ಈ ವ್ಯವಸ್ಥೆ ಅಷ್ಟೇನೂ ಹೊಸದಲ್ಲ. ಪಂಡಿತರು ಮದ್ದು ಅರೆದು ಕೊಡುತ್ತಾರೆ, ಪಥ್ಯ ಹೇಳುತ್ತಾರೆ. ಬೇರಿನ ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ಮದ್ದು ನಾಟುವುದಿಲ್ಲ ಎಂಬ ನಂಬಿಕೆಯ ಹಿಂದೆ ಮನೆತನದ ಅನ್ನದ ಪ್ರಶ್ನೆಯೂ ಇತ್ತು. ಆದರೆ ಮದ್ದು ಬೇಡವೆಂದು ಎದ್ದು ಬರುವ ಸ್ವಾತಂತ್ರ್ಯ ರೋಗಿಗೆ ಇದೆ. ಸ್ಥಾವರದಿಂದ ನಾಲ್ಕು ಮೈಲಿ ದೂರದಲ್ಲಿ ಮನೆ ಕಟ್ಟಿಕೊಂಡವನಿಗೆ ಆ ಸ್ವಾತಂತ್ರ್ಯ ಎಲ್ಲಿದೆ?

ಕಂಪೆನಿಯ ಕಡೆಯ ಮಾತನ್ನೂ ಕೇಳಬೇಕು. ಒಂದು ಅಂಕಿಯನ್ನು ಮುಚ್ಚಿಟ್ಟರೆ ಅದರಿಂದ ಅಂಥ ಲಾಭವೇನು? ರಿಯಾಕ್ಟರಿನ ಕೊಳವೆ ಒಡೆದು ತಂಪು ಮಾಡುವ ನೀರು ಸೋರಿಹೋಯಿತು ಎಂದುಕೊಳ್ಳಿ. ಆಗ ತುರ್ತು ವ್ಯವಸ್ಥೆ ನೀರು ನುಗ್ಗಿಸಬೇಕು, ಇಂಧನದ ಕವಚ ಮಿತಿಮೀರಿ ಕಾಯದಂತೆ ನೋಡಿಕೊಳ್ಳಬೇಕು. ಅಮೆರಿಕದ ನಿಯಮದಲ್ಲಿ ಆ ಮಿತಿ 2,200 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 1,204 ಡಿಗ್ರಿ ಸೆಲ್ಸಿಯಸ್. ಮಿತಿ ಎಲ್ಲರಿಗೂ ಗೊತ್ತು. ಅದಕ್ಕಿಂತ ಎಷ್ಟು ಕೆಳಗೆ ನಿಲ್ಲುತ್ತೇವೆ ಎಂದು ತೋರಿಸಿಕೊಡುವ ಕಂಪ್ಯೂಟರ್ ಲೆಕ್ಕಾಚಾರ ಮಾತ್ರ ಆಯಾ ಕಂಪೆನಿಯ ಸ್ವಂತ ಆಸ್ತಿ. ಅದಕ್ಕಾಗಿ ವರ್ಷಗಟ್ಟಲೆ ಪ್ರಯೋಗ ನಡೆದಿರುತ್ತದೆ, ಹಣ ಸುರಿದಿರುತ್ತದೆ. ಲೆಕ್ಕ ನಿಖರವಾದಷ್ಟೂ ಅದೇ ರಿಯಾಕ್ಟರಿನಿಂದ ಹೆಚ್ಚು ವಿದ್ಯುತ್ ತೆಗೆಯಲು ಅನುಮತಿ ಕೇಳಬಹುದು. ಎದುರಾಳಿ ಕಂಪೆನಿ ಒಂದು ಪ್ರತಿಯ ನಕಲು ಖರ್ಚಿನಲ್ಲಿ ಇದನ್ನೆಲ್ಲ ಪಡೆದರೆ ಮುಂದೆ ಪ್ರಯೋಗಕ್ಕೆ ಹಣ ಹಾಕುವವರು ಯಾರು ಎಂಬುದು ಕಂಪೆನಿಗಳ ವಾದ. ಇದು ಬರೀ ನೆಪವಲ್ಲ. ಆದರೆ ಸ್ಥಾವರ ಸುರಕ್ಷಿತವೇ ಎಂದು ಕೇಳುವವನಿಗೆ ಬೇಕಾದದ್ದೂ ಅದೇ ಅಂಕಿ. ತೊಡಕು ಇರುವುದೇ ಇಲ್ಲಿ.

ಎರಡನೇ ಮಹಾಯುದ್ಧ ಮುಗಿದಾಗ ಈ ಪ್ರಶ್ನೆಯೇ ಹುಟ್ಟಿರಲಿಲ್ಲ. 1946ರ ಕಾಯಿದೆಯ ಪ್ರಕಾರ ಅಣುವಿಗೆ ಸಂಬಂಧಿಸಿದ್ದೆಲ್ಲ ಸರ್ಕಾರದ್ದು, ಗುಟ್ಟೂ ಸರ್ಕಾರದ್ದೇ. 1954ರ ಕಾಯಿದೆ ಖಾಸಗಿಯವರು ರಿಯಾಕ್ಟರ್ ಹೊಂದಲು ಬಾಗಿಲು ತೆರೆಯಿತು. ಜೊತೆಗೇ ವ್ಯಾಪಾರದ ಗುಟ್ಟು ಒಳಗೆ ಬಂತು. ಎರಡೇ ವರ್ಷದಲ್ಲಿ ಜಟಾಪಟಿಯೂ ಶುರುವಾಯಿತು. ಮಿಷಿಗನ್ ರಾಜ್ಯದ ಈರಿ ಸರೋವರದ ದಡದಲ್ಲಿ ‘ಫರ್ಮಿ’ ಹೆಸರಿನ ಹೊಸ ಬಗೆಯ ರಿಯಾಕ್ಟರ್ ಕಟ್ಟಲು ಅರ್ಜಿ ಬಂದಿತ್ತು. ಸುರಕ್ಷತೆಯ ಭರವಸೆ ಕೊಡುವಷ್ಟು ಮಾಹಿತಿ ಇನ್ನೂ ಇಲ್ಲ ಎಂದು ಸರ್ಕಾರದ್ದೇ ತಜ್ಞ ಸಮಿತಿ 1956ರಲ್ಲಿ ಬರೆದುಕೊಟ್ಟಿತು. ಅಂದಿನ ಅಣುಶಕ್ತಿ ಆಯೋಗ ಆ ವರದಿಯನ್ನು ಹೊರಗೆ ಬಿಡಲಿಲ್ಲ. ನಿರ್ಮಾಣಕ್ಕೆ ಅನುಮತಿಯನ್ನಂತೂ ಕೊಟ್ಟಿತು. ಸಂಸತ್ತಿನಲ್ಲಿ ಗದ್ದಲವೆದ್ದು, ತಜ್ಞ ಸಮಿತಿಯ ವರದಿಗಳನ್ನು ಬಹಿರಂಗಪಡಿಸಲೇಬೇಕೆಂದು 1957ರಲ್ಲಿ ಕಾಯಿದೆಗೇ ತಿದ್ದುಪಡಿ ಬಂತು. ಆ ರಿಯಾಕ್ಟರಿನ ಇಂಧನದ ಒಂದಷ್ಟು ಭಾಗ 1966ರ ಅಕ್ಟೋಬರಿನಲ್ಲಿ ಕರಗಿಹೋಯಿತು.

ಅದೇ 1966ರಲ್ಲಿ ಅಮೆರಿಕದ ಮಾಹಿತಿ ಸ್ವಾತಂತ್ರ್ಯ ಕಾಯಿದೆ ಜಾರಿಗೆ ಸಹಿ ಬಿತ್ತು. ಸರ್ಕಾರಿ ಕಡತ ಯಾರು ಕೇಳಿದರೂ ಕೊಡಬೇಕು ಎಂಬುದು ಅದರ ತಿರುಳು. ಒಂಬತ್ತು ವಿನಾಯಿತಿಗಳೂ ಇದ್ದವು. ನಾಲ್ಕನೆಯದು ವ್ಯಾಪಾರ ರಹಸ್ಯಕ್ಕೆ ಮತ್ತು ಗೋಪ್ಯವಾದ ವಾಣಿಜ್ಯ ಮಾಹಿತಿಗೆ ಸಂಬಂಧಿಸಿದ್ದು. ಇನ್ನೊಂದು ಕಾಯಿದೆ ಕಚೇರಿಯ ಗುಮಾಸ್ತನ ತಲೆಯ ಮೇಲೆ ಕತ್ತಿಯಂತೆ ತೂಗುತ್ತಿತ್ತು. ಕಂಪೆನಿಯ ಗುಟ್ಟನ್ನು ಅಧಿಕಾರವಿಲ್ಲದೆ ಹೊರಗೆ ಬಿಟ್ಟ ಸರ್ಕಾರಿ ನೌಕರನಿಗೆ ಒಂದು ವರ್ಷದವರೆಗೆ ಜೈಲು, ಮೇಲೆ ಕೆಲಸದಿಂದ ವಜಾ.

ಹಾಗಾದರೆ ಕಂಪೆನಿ ‘ಇದು ಗುಟ್ಟು’ ಎಂದರೆ ಮುಗಿಯಿತೇ? ಮುಗಿಯಲಿಲ್ಲ. 1975ರಲ್ಲಿ ಹಳೆಯ ಆಯೋಗವನ್ನು ಒಡೆದು ಪರಮಾಣು ನಿಯಂತ್ರಣ ಆಯೋಗ ಕೆಲಸ ಶುರುಮಾಡಿತು. ಗುಟ್ಟಿನ ಬೇಡಿಕೆ ನಿಜವಾಗಿದ್ದರೂ ಸಾರ್ವಜನಿಕರ ಹಕ್ಕು ಅದಕ್ಕಿಂತ ದೊಡ್ಡದೆಂದು ಕಂಡರೆ ಮಾಹಿತಿಯನ್ನು ಬಹಿರಂಗಪಡಿಸುವ ಅಧಿಕಾರ ತನಗಿದೆ ಎಂದು ತನ್ನ ನಿಯಮದಲ್ಲಿ ಹೇಳಿಕೊಂಡಿತು. ವೆಸ್ಟಿಂಗ್‌ಹೌಸ್ ಕಂಪೆನಿ ಕೋರ್ಟಿಗೆ ಹೋಯಿತು. 1977ರಲ್ಲಿ ಮೇಲ್ಮನವಿ ನ್ಯಾಯಾಲಯ ಆಯೋಗದ ನಿಯಮವನ್ನು ಎತ್ತಿಹಿಡಿಯಿತು. ಆ ನಿಯಮ 2004ರಲ್ಲಿ ಸಂಖ್ಯೆ ಬದಲಿಸಿಕೊಂಡರೂ ಅದರ ಜೀವಾಳ ಬದಲಾಗಲಿಲ್ಲ.

ಐದು ಪ್ರಶ್ನೆ, ಒಂದು ತಕ್ಕಡಿ

ನಿಯಮದ ನಡೆ ಹೀಗೆ. ಗುಟ್ಟು ಬೇಕೆನ್ನುವ ಕಂಪೆನಿ ಯಾವ ಸಾಲು, ಯಾವ ಕೋಷ್ಟಕ ಎಂದು ಗುರುತು ಹಾಕಿ ತೋರಿಸಬೇಕು. ಇಡೀ ಕಟ್ಟಿಗೆ ಒಂದೇ ಮೊಹರು ಒತ್ತಿದರೆ ಸಾಲದು. ಜೊತೆಗೆ ಜವಾಬ್ದಾರಿಯುತ ಅಧಿಕಾರಿಯೊಬ್ಬರು ಪ್ರಮಾಣಪತ್ರ ಬರೆದುಕೊಡಬೇಕು. ಅದರಲ್ಲಿ ಉತ್ತರಿಸಬೇಕಾದ ಪ್ರಶ್ನೆಗಳು ಐದು. ಈ ಮಾಹಿತಿಯನ್ನು ನೀವೇ ಇಷ್ಟು ದಿನ ಗುಟ್ಟಾಗಿ ಕಾಪಾಡಿದ್ದೀರಾ? ಇಂಥದನ್ನು ಗುಟ್ಟಾಗಿಡುವುದು ವಾಡಿಕೆಯೇ, ಅದಕ್ಕೆ ತಕ್ಕ ಕಾರಣ ಇದೆಯೇ? ಆಯೋಗಕ್ಕೆ ಕೊಟ್ಟಾಗ ಗುಟ್ಟೆಂದೇ ಕೊಟ್ಟಿರಾ? ಬೇರೆಲ್ಲಾದರೂ ಪ್ರಕಟವಾಗಿದೆಯೇ? ಹೊರಬಿದ್ದರೆ ಪೈಪೋಟಿಯಲ್ಲಿ ನಿಮಗೆ ನಿಜಕ್ಕೂ ಗಣನೀಯ ಪೆಟ್ಟು ಬೀಳುತ್ತದೆಯೇ? ಕೊನೆಯ ಪ್ರಶ್ನೆಗೆ ಉತ್ತರಿಸುವಾಗ ಆ ಮಾಹಿತಿ ಕೂಡಿಸಲು ಎಷ್ಟು ಹಣ, ಎಷ್ಟು ಶ್ರಮ ಬಿತ್ತು, ಬೇರೆಯವರು ಅದನ್ನು ನ್ಯಾಯವಾಗಿ ಸಂಪಾದಿಸುವುದು ಎಷ್ಟು ಕಷ್ಟ ಎಂಬುದನ್ನೂ ಹೇಳಬೇಕು.

ಐದರಲ್ಲೂ ಪಾಸಾದ ಮೇಲೆ ತಕ್ಕಡಿ ಬರುತ್ತದೆ. ಒಂದು ತಟ್ಟೆಯಲ್ಲಿ ಕಂಪೆನಿಗೆ ಆಗುವ ನಷ್ಟ. ಇನ್ನೊಂದರಲ್ಲಿ ಆಯೋಗ ಯಾವ ಆಧಾರದ ಮೇಲೆ ತೀರ್ಮಾನ ಕೈಗೊಳ್ಳುತ್ತಿದೆ, ಅದರ ಪರಿಣಾಮವೇನು ಎಂದು ತಿಳಿಯುವ ಜನರ ಹಕ್ಕು. ಬೇಡಿಕೆ ತಿರಸ್ಕೃತವಾದರೆ ಕಂಪೆನಿಗೆ ಮೊದಲೇ ನೋಟಿಸು ಹೋಗುತ್ತದೆ. ಆಗ ಅದು ತನ್ನ ಕಾಗದವನ್ನು ವಾಪಸು ಕೇಳಬಹುದು. ಆದರೆ ಆಯೋಗದ ತೀರ್ಮಾನಕ್ಕೆ ಆಧಾರವಾಗಿಬಿಟ್ಟ ಕಾಗದವನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲ. ಈ ಒಂದು ಷರತ್ತು ಬಹಳ ಮುಖ್ಯ. ಪರವಾನಗಿ ಗಿಟ್ಟಿಸಿಕೊಂಡು ಸಾಕ್ಷ್ಯವನ್ನು ಜೇಬಿಗೆ ಹಾಕಿಕೊಂಡು ಹೋಗುವ ದಾರಿಯನ್ನು ಅದು ಮುಚ್ಚಿತು.

ಖಾಲಿ ಕಂಸವನ್ನು ತುಂಬಿಸಿಕೊಳ್ಳಲು ಇನ್ನೊಂದು ಬಾಗಿಲೂ ಇದೆ. ಪರವಾನಗಿಗೆ ತಕರಾರು ಎತ್ತಿ ವಿಚಾರಣೆಯಲ್ಲಿ ಅಧಿಕೃತ ಕಕ್ಷಿದಾರರಾದವರು, ಗುಟ್ಟು ಕಾಯುವ ಕರಾರಿಗೆ ಸಹಿ ಹಾಕಿ ಪೂರ್ಣ ಪ್ರತಿಯನ್ನು ಓದಬಹುದು. ಅವರ ವಕೀಲರು, ಅವರ ತಜ್ಞರು ಕೂಡ ಓದಬಹುದು. ಓದಿದ್ದರ ಬಗ್ಗೆ ವಾದ ನಡೆಯುವಾಗ ವಿಚಾರಣಾ ಕೊಠಡಿಯ ಬಾಗಿಲು ಮುಚ್ಚುತ್ತಾರೆ. ಅನುಕೂಲವೇನೋ ಹೌದು. ಆದರೆ ಒಳಗೆ ಕಂಡದ್ದನ್ನು ಊರಿಗೆ ಬಂದು ಹೇಳುವಂತಿಲ್ಲ. ತಮ್ಮ ಪರವಾಗಿ ಹೋದವರು ಏನನ್ನು ನೋಡಿ ಸುಮ್ಮನಾದರು ಎಂಬುದು ನೆರೆಹೊರೆಯವರಿಗೆ ತಿಳಿಯುವುದೇ ಇಲ್ಲ. ವಕೀಲರಿಗೂ ತಜ್ಞರಿಗೂ ಕೊಡಲು ಹಣವಿಲ್ಲದ ಊರಿಗಂತೂ ಆ ಬಾಗಿಲು ಇದ್ದೂ ಇಲ್ಲದಂತೆ.

ಗುಟ್ಟೇ ಸುರಕ್ಷತೆಗೆ ದಾರಿ?

ಇಲ್ಲಿಯವರೆಗೆ ಗುಟ್ಟು ಒಂದು ಕಡೆ, ಸುರಕ್ಷತೆ ಇನ್ನೊಂದು ಕಡೆ ಎಂದು ತೋರುತ್ತದೆ. 1979ರ ನಂತರ ನಡೆದ ಒಂದು ಮೊಕದ್ದಮೆ ಈ ಲೆಕ್ಕವನ್ನೇ ತಲೆಕೆಳಗು ಮಾಡಿತು.

1977ರ ಸೆಪ್ಟೆಂಬರ್ 24ರಂದು ಒಹಾಯೊ ರಾಜ್ಯದ ಡೇವಿಸ್-ಬೆಸ್ಸೆ ಸ್ಥಾವರದಲ್ಲಿ ಒತ್ತಡ ತಗ್ಗಿಸುವ ಕವಾಟವೊಂದು ತೆರೆದದ್ದು ಮುಚ್ಚಿಕೊಳ್ಳಲಿಲ್ಲ. ಸಿಬ್ಬಂದಿ ಪರಿಸ್ಥಿತಿಯನ್ನು ತಪ್ಪಾಗಿ ತಿಳಿದು ತುರ್ತು ನೀರನ್ನು ಕಡಿಮೆ ಮಾಡಿದರು. ಸ್ಥಾವರ ಆಗ ಪೂರ್ಣ ಸಾಮರ್ಥ್ಯದ ಶೇಕಡ 9ರಷ್ಟರಲ್ಲಿ ಮಾತ್ರ ನಡೆಯುತ್ತಿದ್ದುದರಿಂದ ಅನಾಹುತವಾಗಲಿಲ್ಲ. ರಿಯಾಕ್ಟರ್ ತಯಾರಿಸಿದ ಬ್ಯಾಬ್‌ಕಾಕ್ ಅಂಡ್ ವಿಲ್‌ಕಾಕ್ಸ್ ಕಂಪೆನಿಯ ಎಂಜಿನಿಯರೊಬ್ಬರು, ಇದು ಬೇರೆಡೆಯೂ ಆಗಬಹುದು, ಸಿಬ್ಬಂದಿಗೆ ಸ್ಪಷ್ಟ ಸೂಚನೆ ಹೋಗಬೇಕು ಎಂದು 1978ರ ಫೆಬ್ರುವರಿಯಲ್ಲಿ ಟಿಪ್ಪಣಿ ಬರೆದರು. ಟಿಪ್ಪಣಿ ಕಚೇರಿಯೊಳಗೇ ಸುತ್ತಾಡಿತು. 1979ರ ಮಾರ್ಚ್ 28ರಂದು ಪೆನ್ಸಿಲ್ವೇನಿಯದ ತ್ರೀ ಮೈಲ್ ಐಲೆಂಡಿನಲ್ಲಿ, ಅದೇ ಕಂಪೆನಿಯ ರಿಯಾಕ್ಟರಿನಲ್ಲಿ, ಅದೇ ಬಗೆಯ ಕವಾಟ ಹಾಗೇ ತೆರೆದು ನಿಂತಿತು. ಸಿಬ್ಬಂದಿ ಅದೇ ತಪ್ಪು ಮಾಡಿದರು. ಈ ಸಲ ಸ್ಥಾವರ ಹೆಚ್ಚುಕಡಿಮೆ ಪೂರ್ಣ ಸಾಮರ್ಥ್ಯದಲ್ಲಿತ್ತು. ಇಂಧನ ಕರಗಿತು.

ಆ ಟಿಪ್ಪಣಿಯನ್ನು ವ್ಯಾಪಾರದ ಗುಟ್ಟೆಂದು ಯಾರೂ ಮುಚ್ಚಿಟ್ಟಿರಲಿಲ್ಲ. ತಿಳಿದದ್ದು ತಿಳಿಯಬೇಕಾದವರಿಗೆ ತಲುಪಲಿಲ್ಲ, ಅಷ್ಟೆ. ಪಾಠ ಕಲಿತ ವಿದ್ಯುತ್ ಕಂಪೆನಿಗಳು 1979ರ ಕೊನೆಯಲ್ಲಿ ತಮ್ಮದೇ ಒಂದು ಸಂಸ್ಥೆ ಕಟ್ಟಿಕೊಂಡವು. ಅಟ್ಲಾಂಟದಲ್ಲಿರುವ ಅದರ ಹೆಸರು ಐಎನ್‌ಪಿಒ. ಒಂದು ಸ್ಥಾವರದಲ್ಲಿ ಏನೇ ಎಡವಟ್ಟಾದರೂ ಅದರ ಕಾರಣ ಹುಡುಕಿ ಉಳಿದೆಲ್ಲ ಸ್ಥಾವರಗಳಿಗೆ ತಿಳಿಸುವುದು ಅದರ ಕೆಲಸಗಳಲ್ಲಿ ಒಂದು. ಹೊರಗಿನವರಿಗೆ ತೋರಿಸಬಾರದು ಎಂಬ ಷರತ್ತಿನ ಮೇಲೆ ನಿಯಂತ್ರಣ ಆಯೋಗಕ್ಕೂ ಒಂದು ಪ್ರತಿ ಹೋಗುತ್ತಿತ್ತು.

ರಾಲ್ಫ್ ನೇಡರ್ 1974ರಲ್ಲಿ ಆರಂಭಿಸಿದ್ದ ‘ಕ್ರಿಟಿಕಲ್ ಮಾಸ್’ ಎಂಬ ಗ್ರಾಹಕಪರ ಸಂಘಟನೆ 1984ರಲ್ಲಿ ಆ ವರದಿಗಳನ್ನು ಕೇಳಿತು. ಆಯೋಗ ಕೊಡಲಿಲ್ಲ. ಮೊಕದ್ದಮೆ ಎಂಟು ವರ್ಷ ಎಳೆಯಿತು. ಐಎನ್‌ಪಿಒ ವಾದ ಸರಳವಾಗಿತ್ತು: ಹೇಳಿದ್ದೆಲ್ಲ ಮರುದಿನ ಪತ್ರಿಕೆಯಲ್ಲಿ ಬರುವುದಾದರೆ ಸ್ಥಾವರದ ಸಿಬ್ಬಂದಿ ತಪ್ಪು ಒಪ್ಪಿಕೊಳ್ಳುವುದಿಲ್ಲ, ಒಪ್ಪಿಕೊಳ್ಳದಿದ್ದರೆ ಕಲಿಯುವುದೂ ಇಲ್ಲ. 1992ರ ಆಗಸ್ಟಿನಲ್ಲಿ ವಾಷಿಂಗ್‌ಟನ್ನಿನ ಮೇಲ್ಮನವಿ ನ್ಯಾಯಾಲಯ ಪೂರ್ಣಪೀಠದಲ್ಲಿ ಈ ವಾದಕ್ಕೆ ಮನ್ನಣೆ ಕೊಟ್ಟಿತು. ತಾವಾಗಿಯೇ ಕೊಟ್ಟ ಮಾಹಿತಿಯಾದರೆ, ಕೊಟ್ಟವರು ಅದನ್ನು ಸಾಮಾನ್ಯವಾಗಿ ಜನರ ಮುಂದಿಡುವವರಲ್ಲ ಎಂದಾದರೆ, ಅದು ಗೋಪ್ಯ. ಕಾನೂನಿನ ಬಲದಿಂದ ವಸೂಲು ಮಾಡಿದ ಮಾಹಿತಿಗೆ ಮಾತ್ರ ಹಳೆಯ ಕಠಿಣ ಪರೀಕ್ಷೆ. ನಾಲ್ವರು ನ್ಯಾಯಾಧೀಶರು ಒಪ್ಪಲಿಲ್ಲ. ಭಿನ್ನ ತೀರ್ಪು ಬರೆದವರು ಮರುವರ್ಷ ಸುಪ್ರೀಂ ಕೋರ್ಟಿಗೆ ಹೋದ ರೂತ್ ಬೇಡರ್ ಗಿನ್ಸ್‌ಬರ್ಗ್.

ಐಎನ್‌ಪಿಒ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಡೇವಿಸ್-ಬೆಸ್ಸೆಯ ಕಥೆಯೇ ಅದರ ಪರವಾಗಿ ನಿಲ್ಲುತ್ತದೆ. ಆದರೆ ಅದೇ ಕಥೆಯನ್ನು ತಿರುಗಿಸಿ ಓದಿದರೆ ಇನ್ನೊಂದು ಮಾತೂ ಹೊರಡುತ್ತದೆ. ಆ ಟಿಪ್ಪಣಿ ಹೊರಗೆ ಬಂದಿದ್ದರೆ ತ್ರೀ ಮೈಲ್ ಐಲೆಂಡಿನವರ ಕಣ್ಣಿಗೆ ಬೀಳುತ್ತಿತ್ತಲ್ಲವೇ?

2019ರಲ್ಲಿ ಕಂಪೆನಿಗಳ ಕೈ ಇನ್ನಷ್ಟು ಬಲವಾಯಿತು. ದಿನಸಿ ಅಂಗಡಿಗಳ ಲೆಕ್ಕ ಕೇಳಿದ ಸೌತ್ ಡಕೋಟದ ಪತ್ರಿಕೆಯೊಂದರ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಮಾಹಿತಿ ಕಾಯಿದೆಯ ನಾಲ್ಕನೇ ವಿನಾಯಿತಿಗೆ ‘ಗಣನೀಯ ಪೆಟ್ಟು’ ತೋರಿಸಬೇಕಾದ ಅಗತ್ಯವೇ ಇಲ್ಲ ಎಂದಿತು. ಅಣುವಿಗೂ ಆ ಅಂಗಡಿಗಳಿಗೂ ಸಂಬಂಧವಿಲ್ಲ, ಆದರೆ ವಿನಾಯಿತಿ ಎರಡಕ್ಕೂ ಒಂದೇ.

ಕೂಡಂಕುಳಂ ಕಡತ

ನಮ್ಮಲ್ಲಿ ಜಗಳ ಬೇರೆ ರೂಪದಲ್ಲಿ ಬಂತು. 1962ರ ಪರಮಾಣು ಶಕ್ತಿ ಕಾಯಿದೆಯ 18ನೇ ಕಲಂ, ಸ್ಥಾವರಗಳ ಮಾಹಿತಿ ಹೊರಹೋಗದಂತೆ ತಡೆಯುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿತು. ಸ್ಥಾವರಗಳ ಸುರಕ್ಷತೆಯಲ್ಲಿನ ಲೋಪಗಳ ಬಗ್ಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ 1995ರಲ್ಲಿ ಸಿದ್ಧಪಡಿಸಿದ ವರದಿಯನ್ನು ಕೇಳಿದವರಿಗೆ ಅದು ಸಿಗಲಿಲ್ಲ. 2004ರಲ್ಲಿ ಸುಪ್ರೀಂ ಕೋರ್ಟೂ ಸರ್ಕಾರದ ಪರವಾಗಿ ನಿಂತಿತು. ಕೈಗಾದ ಘಟಕಗಳಂತೆ ವಿನ್ಯಾಸ ನಮ್ಮವರದೇ ಆಗಿರುವ ಕಡೆ ಹೊರಗಿನ ಕಂಪೆನಿಯ ಗುಟ್ಟಿನ ಪ್ರಶ್ನೆ ಬರುವುದಿಲ್ಲ. ಅಲ್ಲಿ ಎದುರಿಗಿದ್ದ ಗೋಡೆ ಈ 18ನೇ ಕಲಂ ಒಂದೇ.

ಕೂಡಂಕುಳಂನ ರಿಯಾಕ್ಟರುಗಳು ರಷ್ಯದವು. ಹೀಗಾಗಿ ಎರಡೂ ಗೋಡೆಗಳು ಒಟ್ಟಿಗೆ ಎದ್ದವು. ಮೊದಲೆರಡು ಘಟಕಗಳ ಸುರಕ್ಷತಾ ವಿಶ್ಲೇಷಣಾ ವರದಿಯನ್ನೂ ಸ್ಥಳ ಮೌಲ್ಯಮಾಪನ ವರದಿಯನ್ನೂ ಮಾಹಿತಿ ಹಕ್ಕಿನಡಿ ಕೇಳಿದಾಗ ಪರಮಾಣು ವಿದ್ಯುತ್ ನಿಗಮ ಕೊಡಲು ಒಪ್ಪಲಿಲ್ಲ. 2005ರ ಮಾಹಿತಿ ಹಕ್ಕು ಕಾಯಿದೆಯಲ್ಲೂ ವಾಣಿಜ್ಯ ಗುಟ್ಟಿಗೆ ರಕ್ಷಣೆ ಇದೆ. ಆದರೆ ಹೆಚ್ಚಿನ ಸಾರ್ವಜನಿಕ ಹಿತವಿದ್ದರೆ ಕೊಡಬಹುದೆಂಬ ಮಾತೂ ಅದೇ ಕಲಮಿನಲ್ಲಿದೆ. ಮುಚ್ಚಿಡಬೇಕಾದ ಭಾಗವನ್ನು ಕತ್ತರಿಸಿ ಉಳಿದದ್ದನ್ನು ಕೊಡಬಹುದೆಂದು 10ನೇ ಕಲಂ ಹೇಳುತ್ತದೆ. ಕೇಂದ್ರ ಮಾಹಿತಿ ಆಯೋಗ 2012ರ ಏಪ್ರಿಲ್ 30ರಂದು ಹಿಡಿದದ್ದು ಈ ದಾರಿಯನ್ನೇ: ಪೂರೈಕೆದಾರರ ವಿನ್ಯಾಸದ ಸ್ವಂತ ವಿವರಗಳನ್ನು ತೆಗೆದುಹಾಕಿ ಎರಡೂ ವರದಿಗಳನ್ನು ಕೊಡಿ ಎಂದು ಆದೇಶಿಸಿತು. ಅಂದರೆ ಕಂಸಗಳು ಖಾಲಿ ಇರಲಿ, ಪುಟಗಳು ಹೊರಗೆ ಬರಲಿ.

ನಿಗಮ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿತು. ಯಾವ ಸಾಲು ಗುಟ್ಟು, ಯಾವುದು ಅಲ್ಲ, ಅದನ್ನು ತೂಗಿ ನೋಡುವವರು ಯಾರು ಎಂಬ ಪ್ರಶ್ನೆಯನ್ನು ಎತ್ತಬೇಕಾದರೆ ಮೊದಲು ಪುಟ ಕೈಯಲ್ಲಿರಬೇಕು. ಇಲ್ಲಿ ವಾದ ನಡೆದದ್ದು ಇಡೀ ಕಡತದ ಮೇಲೆ. ಮೊದಲ ಘಟಕದ ವಿದ್ಯುತ್ತು 2013ರ ಅಕ್ಟೋಬರಿನಲ್ಲಿ ಜಾಲಕ್ಕೆ ಹರಿಯಿತು. ಅದರಲ್ಲಿ ಕರ್ನಾಟಕಕ್ಕೂ ಪಾಲಿದೆ.