ಅಂಕಿಯೇ ಬೇರೆ, ಅಂಕವೇ ಬೇರೆ

ಹಲವು ವರ್ಷ ವಿಜ್ಞಾನ ಪಾಠ ಮಾಡಿದವರಿಗೆ ಒಂದು ಅಭ್ಯಾಸ ತಾನಾಗಿಯೇ ಬಂದುಬಿಡುತ್ತದೆ. ಮಕ್ಕಳ ಪ್ರಯೋಗದ ಪುಸ್ತಕ ತೆರೆದೊಡನೆ ಯಾವುದು ಅಳೆದು ಬರೆದ ಅಂಕಿ, ಯಾವುದು ಮನೆಯಲ್ಲಿ ಕುಳಿತು ಬರೆದ ಅಂಕಿ ಎಂದು ಗೊತ್ತಾಗುತ್ತದೆ. ನಿಜವಾಗಿ ಲೋಲಕವನ್ನು ತೂಗಿಬಿಟ್ಟು ಗಡಿಯಾರ ನೋಡಿದವನ ಪಟ್ಟಿಯಲ್ಲಿ ಅಂಕಿಗಳು ತುಸು ಹಿಂದೆ ಮುಂದೆ ಇರುತ್ತವೆ. ಅಳೆಯದೆ ಬರೆದವನ ಪಟ್ಟಿ ಮಾತ್ರ ಬಲು ಅಚ್ಚುಕಟ್ಟು.

ಕೆಲವು ವರ್ಷಗಳ ಹಿಂದೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ತಾಯಿ ಅಂಥ ಅಚ್ಚುಕಟ್ಟಾದ ಪಟ್ಟಿಯೊಂದನ್ನು ನನ್ನ ಮುಂದಿಟ್ಟರು. ಅದು ಲೋಲಕದ್ದಲ್ಲ, ರಕ್ತದ ಸಕ್ಕರೆಯದು. ಹುಡುಗಿಗೆ ಟೈಪ್ 1 ಮಧುಮೇಹ. ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿ, ಗ್ಲುಕೋಮೀಟರ್ ತೋರಿಸಿದ್ದನ್ನು ಬರೆದಿಡಬೇಕು. 118, 122, 115, 120 – ತಿಂಗಳುಗಟ್ಟಲೆ ಹೀಗೇ. ಆದರೆ ಆಸ್ಪತ್ರೆಯಲ್ಲಿ ಮಾಡಿಸಿದ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಶೇಕಡ 10 ಬಂದಿತ್ತು. ಅಂದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ 240ರ ಆಸುಪಾಸು. ‘ಮೀಟರ್ ಕೆಟ್ಟಿರಬಹುದೇ ಸಾರ್?’ ಎಂದು ತಾಯಿ ಕೇಳಿದರು.

ಮೀಟರ್ ಕೆಟ್ಟಿರಲಿಲ್ಲ. 300 ಬಂದ ದಿನವೆಲ್ಲ ಮನೆಯಲ್ಲಿ ‘ಏನು ಕದ್ದು ತಿಂದೆ?’ ಎಂಬ ವಿಚಾರಣೆ ನಡೆಯುತ್ತಿತ್ತು. 118 ಬಂದ ದಿನ ‘ಜಾಣೆ’ ಎಂಬ ಮೆಚ್ಚುಗೆ. ಹುಡುಗಿ ನಿಜಕ್ಕೂ ಜಾಣೆಯೇ. 118 ಬರೆಯುವುದನ್ನು ಕಲಿತಳು.

ಈ ಲೇಖನ ಬರೆಯಲು ಆ ಪಟ್ಟಿಯೇ ಕಾರಣ. ಸಕ್ಕರೆಯ ಅಂಕಿ ಪರೀಕ್ಷೆಯ ಅಂಕವಲ್ಲ. ಈ ವ್ಯತ್ಯಾಸ ಮನೆಯವರಿಗೆ ತಿಳಿಯದಿದ್ದರೆ ಒಳ್ಳೆಯ ಔಷಧಿಯೂ ಕೆಲಸಕ್ಕೆ ಬಾರದು.

ಒಂದು ಚಮಚದ ಲೆಕ್ಕ

ನಮ್ಮ ರಕ್ತದಲ್ಲಿ ಎಷ್ಟು ಸಕ್ಕರೆ ಇರುತ್ತದೆ? ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಬಹುದು. ಉಪವಾಸದ ಹೊತ್ತಿನಲ್ಲಿ ಆರೋಗ್ಯವಂತರ ರಕ್ತದ ಪ್ರತಿ 100 ಮಿಲಿಲೀಟರಿಗೆ 100 ಮಿಲಿಗ್ರಾಂಗಿಂತ ತುಸು ಕಡಿಮೆ ಗ್ಲುಕೋಸ್ ಇರುತ್ತದೆ. ಲೆಕ್ಕಕ್ಕೆ 100 ಎಂದೇ ಇಟ್ಟುಕೊಳ್ಳೋಣ. ವಯಸ್ಕರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ. ಗುಣಿಸಿದರೆ ಬರುವುದು 5 ಗ್ರಾಂ, ಅಂದರೆ ಒಂದು ಟೀ ಚಮಚ! 40 ಕಿಲೋ ತೂಕದ ಮಗುವಿನಲ್ಲಾದರೆ ಸುಮಾರು 3 ಗ್ರಾಂ ಅಷ್ಟೇ.

ನಾವು ಒಂದು ಹೊತ್ತಿಗೆ ತಿನ್ನುವ ಅನ್ನ ಅಥವಾ ಮುದ್ದೆಯಿಂದ ಇದರ ಹತ್ತು ಹದಿನೈದು ಪಟ್ಟು ಗ್ಲುಕೋಸ್ ರಕ್ತಕ್ಕೆ ಇಳಿದುಬರುತ್ತದೆ. ಆದರೂ ಆ ಒಂದು ಚಮಚದ ಮಟ್ಟ ಹೆಚ್ಚು ಏರುಪೇರಾಗದಂತೆ ಕಾಯುವುದು ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು. ಅವು ಸಕ್ಕರೆಯ ಮಟ್ಟವನ್ನು ಸದಾ ಗಮನಿಸುತ್ತ, ಬೇಕಾದಷ್ಟು ಇನ್ಸುಲಿನ್ ಸುರಿಸುತ್ತವೆ.

ಟೈಪ್ 1 ಮಧುಮೇಹದಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಈ ಬೀಟಾ ಕೋಶಗಳನ್ನು ಶತ್ರುಗಳೆಂದು ಬಗೆದು ನಾಶ ಮಾಡುತ್ತದೆ. ಹೆಚ್ಚು ಸಿಹಿ ತಿಂದದ್ದರಿಂದ ಬಂದುದಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ, ತಿಂದರೂ ತೂಕ ಇಳಿಯುವುದು, ಸುಸ್ತು – ಇವು ಮೊದಲ ಲಕ್ಷಣಗಳು. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಶುರು ಮಾಡಿದರೂ ಎಚ್ಚರ ಬೇಕು. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಒಂದು ಗಂಟೆಯೂ ಕಾಯಬಾರದು. ಅದು ರಕ್ತ ಆಮ್ಲೀಯವಾಗುತ್ತಿರುವ ಸೂಚನೆ.

ಇದಕ್ಕೆ ಇನ್ಸುಲಿನ್ ಒಂದೇ ಆಧಾರ. ಅದು ಪ್ರೋಟೀನಿನ ಜಾತಿಯದಾದ್ದರಿಂದ ನುಂಗಿದರೆ ಹೊಟ್ಟೆಯಲ್ಲಿ ಜೀರ್ಣವಾಗಿಬಿಡುತ್ತದೆ, ಚುಚ್ಚಿಕೊಳ್ಳಲೇಬೇಕು. ಕೆನಡಾದ ಟೊರಾಂಟೊ ನಗರದಲ್ಲಿ 1922ರ ಜನವರಿಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊತ್ತಮೊದಲ ಚುಚ್ಚುಮದ್ದು ಕೊಟ್ಟರು. ಅದಕ್ಕೆ ಮೊದಲು ಈ ಕಾಯಿಲೆ ಬಂದ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಬೇರು, ಸೊಪ್ಪು, ಕಷಾಯಗಳ ಮಾತು ಕೇಳಿ ಇನ್ಸುಲಿನ್ ನಿಲ್ಲಿಸುವುದೆಂದರೆ ಮಗುವನ್ನು 1922ಕ್ಕಿಂತ ಹಿಂದಿನ ಕಾಲಕ್ಕೆ ಕಳುಹಿಸಿದಂತೆ.

ಗುರಿ ಒಂದು ಗೆರೆಯಲ್ಲ, ಒಂದು ಪಟ್ಟೆ

ಸಕ್ಕರೆಯ ಗುರಿ ಎಷ್ಟು? 2019ರಲ್ಲಿ ಅಂತರರಾಷ್ಟ್ರೀಯ ತಜ್ಞರು ಒಪ್ಪಿದಂತೆ, ಟೈಪ್ 1 ಇರುವ ಹೆಚ್ಚಿನವರಿಗೆ 70ರಿಂದ 180ರ ನಡುವಿನ ಪಟ್ಟೆಯೇ ಗುರಿ. ಅದರೊಳಗೆ ಇರಬೇಕಾದದ್ದು ಎಷ್ಟು ಹೊತ್ತು? ದಿನದ ಶೇಕಡ 70ಕ್ಕಿಂತ ಹೆಚ್ಚು, ಅಂದರೆ ಸುಮಾರು 17 ಗಂಟೆ. ಉಳಿದ 7 ಗಂಟೆ ಅಂಕಿ ಪಟ್ಟೆಯ ಹೊರಗೆ ಹೋಗಬಹುದು ಎಂಬುದನ್ನು ಗುರಿ ಹಾಕಿದವರೇ ಒಪ್ಪಿಕೊಂಡಿದ್ದಾರೆ. ನೂರಕ್ಕೆ ನೂರು ಯಾರೂ ಕೇಳಿಲ್ಲ. ಹಾಗಿರುವಾಗ ಒಂದು 240 ಕಂಡೊಡನೆ ಮನೆಯಲ್ಲಿ ಸೂತಕದ ಕಳೆ ಏಕೆ?

ಹಾಗೆಂದು ಗುರಿಯನ್ನು ಹಗುರಾಗಿ ಕಾಣುವಂತಿಲ್ಲ. ಅಮೆರಿಕ ಮತ್ತು ಕೆನಡಾಗಳಲ್ಲಿ 1441 ಮಂದಿ ಟೈಪ್ 1 ರೋಗಿಗಳ ಮೇಲೆ 1983ರಿಂದ ಹತ್ತು ವರ್ಷ ದೊಡ್ಡದೊಂದು ಅಧ್ಯಯನ ನಡೆಯಿತು. ಅದರ ಫಲಿತಾಂಶ 1993ರಲ್ಲಿ ಪ್ರಕಟವಾಯಿತು. ಎಚ್‌ಬಿಎ1ಸಿಯನ್ನು 7ರ ಆಸುಪಾಸಿನಲ್ಲಿ ಇರಿಸಿಕೊಂಡವರಿಗೆ, 9ರ ಆಸುಪಾಸಿನಲ್ಲಿದ್ದವರಿಗಿಂತ ಕಣ್ಣಿನ ತೊಂದರೆ ಬರುವ ಅಪಾಯ ಶೇಕಡ 76ರಷ್ಟು ಮತ್ತು ನರಗಳ ತೊಂದರೆಯ ಅಪಾಯ ಶೇಕಡ 60ರಷ್ಟು ಕಡಿಮೆಯಾಗಿತ್ತು. ಮಕ್ಕಳು ಮುಂದೆ ಅರವತ್ತು ಎಪ್ಪತ್ತು ವರ್ಷ ಬಾಳಬೇಕಾದವರು. ಕಣ್ಣು, ಮೂತ್ರಪಿಂಡ, ನರ ಅಷ್ಟು ಕಾಲವೂ ಅವರ ಜೊತೆಗಿರಬೇಕು.

ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳಿತು. ಬಿಗಿಯಾಗಿ ಹಿಡಿದವರಲ್ಲಿ ಸಕ್ಕರೆ ಅಪಾಯಕರವಾಗಿ ಕುಸಿಯುವ ಪ್ರಸಂಗಗಳು ಮೂರು ಪಟ್ಟು ಹೆಚ್ಚಾಗಿದ್ದವು. ಈಗ ಉತ್ತಮ ಇನ್ಸುಲಿನ್‌ಗಳೂ ಚರ್ಮದಡಿ ಕೂತು ಐದೈದು ನಿಮಿಷಕ್ಕೆ ಅಳೆಯುವ ಸೆನ್ಸರ್‌ಗಳೂ ಬಂದಿವೆ. ಆ ಅಪಾಯ ತಗ್ಗಿದೆಯೇ ಹೊರತು ಹೋಗಿಲ್ಲ. ಆದ್ದರಿಂದಲೇ ಗುರಿಗೆ ಮೇಲಂಚಿನಷ್ಟೇ ಮುಖ್ಯವಾದ ಕೆಳಗಂಚೂ ಇದೆ. ಮಗುವಿನ ವಯಸ್ಸು, ಸಲಕರಣೆ, ಮನೆಯ ಅನುಕೂಲ ನೋಡಿ ವೈದ್ಯರು ಗುರಿಯನ್ನು ತುಸು ಬದಲಿಸಬಹುದು. ಪಕ್ಕದ ಮನೆಯ ಅಜ್ಜನ ಗುರಿ ಮಗುವಿನ ಗುರಿಯಲ್ಲ.

ಸರಾಸರಿಯನ್ನೂ ಕುರುಡಾಗಿ ನಂಬಬಾರದು. ಗಣಿತದ ಪಾಠ ನೆನೆಯಿರಿ: 150, 150, 150ರ ಸರಾಸರಿ 150. 50, 150, 250ರ ಸರಾಸರಿಯೂ 150. ಮೊದಲ ಮಗು ನೆಮ್ಮದಿಯಾಗಿದೆ. ಎರಡನೆಯದು ದಿನದಲ್ಲಿ ಒಮ್ಮೆ ಕುಸಿದು ಬಿದ್ದಿರಬಹುದು. ಆದ್ದರಿಂದ ಎಚ್‌ಬಿಎ1ಸಿ ಜೊತೆಗೆ ದಿನದಿನದ ಅಂಕಿಗಳೂ ಬೇಕು, ಅವು ನಿಜವಾದ ಅಂಕಿಗಳಾಗಿರಬೇಕು.

ತಿಂಡಿಯೊಂದೇ ಕಾರಣವಲ್ಲ

ಸಕ್ಕರೆ ಏರಿದೊಡನೆ ಮಗು ಕದ್ದು ತಿಂದಿದೆ ಎಂದು ತೀರ್ಮಾನಿಸುವುದು ವಿಜ್ಞಾನವಲ್ಲ. ಜ್ವರ ಬಂದರೆ ಏರುತ್ತದೆ. ಪರೀಕ್ಷೆಯ ಆತಂಕಕ್ಕೆ ಏರುತ್ತದೆ. ಹರೆಯದ ಹಾರ್ಮೋನುಗಳು ಇನ್ಸುಲಿನ್‌ನ ಕೈ ಕಟ್ಟಿಹಾಕುವುದರಿಂದ ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಹಳೆಯ ಪ್ರಮಾಣ ಸಾಲದೆ ಹೋಗುತ್ತದೆ. ಬಿಸಿಲಿಗೆ ಕಾದ ಇನ್ಸುಲಿನ್ ಶಕ್ತಿ ಕಳೆದುಕೊಳ್ಳುತ್ತದೆ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಚುಚ್ಚಿ ಗಂಟುಕಟ್ಟಿದ್ದರೆ ಔಷಧಿ ಸರಿಯಾಗಿ ಹೀರಿಕೊಳ್ಳದು. ರಾಗಿ ಮುದ್ದೆಗೆ ಲೆಕ್ಕವಿಲ್ಲ ಎಂಬ ನಂಬಿಕೆಯೂ ತಪ್ಪು. ರಾಗಿಹಿಟ್ಟಿನ ತೂಕದಲ್ಲಿ ಮೂರನೇ ಎರಡು ಭಾಗ ಪಿಷ್ಟವೇ. ಇನ್ನು ಕಬಡ್ಡಿ ಆಡಿದ ದಿನ ಸಕ್ಕರೆ ಇಳಿಯಬಹುದು, ಕೆಲವೊಮ್ಮೆ ರಾತ್ರಿ ಮಲಗಿದ ಮೇಲೆ.

ಈ ಕಾರಣಗಳಲ್ಲಿ ಯಾವುದೆಂದು ಹುಡುಕಲು ಇರುವ ಸುಳಿವು ಅಂಕಿಯೊಂದೇ. ಅದನ್ನೇ ಸುಳ್ಳು ಮಾಡಿದರೆ ವೈದ್ಯರು ಕತ್ತಲಲ್ಲಿ ಕೈಯಾಡಿಸಿದಂತೆ. ಸಕ್ಕರೆ ಸಂಜೆ ಏರುತ್ತದೆಯೋ ಬೆಳಗಿನ ಜಾವವೋ ತಿಳಿಯದೆ ಪ್ರಮಾಣ ಹೆಚ್ಚಿಸಿದರೆ, ಇಳಿಯಬಾರದ ಹೊತ್ತಿನಲ್ಲಿ ಇಳಿದು ಮಗು ಎಚ್ಚರ ತಪ್ಪಬಹುದು. ಮೆಚ್ಚುಗೆಗಾಗಿ ಬರೆದ 118 ಪ್ರಾಣಕ್ಕೇ ಕುತ್ತಾಗುವುದು ಹೀಗೆ.

ಶಾಲೆ ಮಾಡಬೇಕಾದದ್ದು

ಸಕ್ಕರೆ 70ಕ್ಕಿಂತ ಕೆಳಗಿಳಿದಾಗ ಮಗು ನಡುಗಬಹುದು, ಬೆವರಬಹುದು, ಸುಮ್ಮನೆ ಸಿಡುಕಬಹುದು, ಕೇಳಿದ ಪ್ರಶ್ನೆಗೆ ಸಂಬಂಧವಿಲ್ಲದ ಉತ್ತರ ಕೊಡಬಹುದು. ಅದನ್ನು ಉದ್ಧಟತನ ಎಂದು ಬೆಂಚಿನ ಮೇಲೆ ನಿಲ್ಲಿಸಿದರೆ ಅನಾಹುತವಾದೀತು. ಆಗ ಮಾಡಬೇಕಾದದ್ದು ಸರಳ. ಸುಮಾರು 15 ಗ್ರಾಂ, ಅಂದರೆ ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲುಕೋಸನ್ನು ನೀರಿನಲ್ಲಿ ಕಲಸಿ ಕುಡಿಸುವುದು. 15 ನಿಮಿಷ ಬಿಟ್ಟು ಮತ್ತೆ ಅಳೆಯುವುದು. ಏರದಿದ್ದರೆ ಇನ್ನೊಮ್ಮೆ ಕೊಡುವುದು. ಮಗುವನ್ನು ಒಂಟಿಯಾಗಿ ಮನೆಗೆ ಕಳಿಸಬಾರದು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ, ಪಕ್ಕಕ್ಕೆ ಮಲಗಿಸಿ, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ತರಗತಿಯಲ್ಲಿ ತಿನ್ನಲು, ನೀರು ಕುಡಿಯಲು, ಶೌಚಾಲಯಕ್ಕೆ ಹೋಗಲು ಈ ಮಕ್ಕಳು ಅಂಗಲಾಚುವಂತಾಗಬಾರದು. ಪರೀಕ್ಷಾ ಕೊಠಡಿಗೆ ಸಕ್ಕರೆ ಮಾತ್ರೆ, ಹಣ್ಣು, ತಿನಿಸು, ನೀರು ಒಯ್ಯಲು ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿ 2017ರಲ್ಲೇ ಅನುಮತಿ ನೀಡಿತು. ಬೇರೆ ಮಂಡಳಿಯ ಪರೀಕ್ಷೆಗೆ ಕೂರುವ ಮಕ್ಕಳ ಪಾಲಕರು ವೈದ್ಯರ ಪತ್ರದೊಂದಿಗೆ ಮುಖ್ಯೋಪಾಧ್ಯಾಯರನ್ನು ಮೊದಲೇ ಕಂಡು ಮಾತಾಡುವುದು ಲೇಸು. ಆಟದಿಂದಲೂ ದೂರ ಇಡಬೇಕಿಲ್ಲ. ವೇಗದ ಬೌಲರ್ ವಾಸಿಂ ಅಕ್ರಂ ಅವರಿಗೆ 1997ರಲ್ಲಿ ಮಧುಮೇಹ ಇರುವುದು ಗೊತ್ತಾಯಿತು. ಇನ್ಸುಲಿನ್ ಚುಚ್ಚಿಕೊಳ್ಳುತ್ತಲೇ ಅವರು 2003ರವರೆಗೆ ಆಡಿದರು, ಏಕದಿನ ಪಂದ್ಯಗಳಲ್ಲಿ 500 ವಿಕೆಟ್ ದಾಟಿದರು.

ಆ ತಾಯಿಗೆ ನಾನು ಹೇಳಿದ್ದು ಇಷ್ಟೇ: ಅಂಕಿ ನೋಡಿದೊಡನೆ ‘ಏನು ತಿಂದೆ?’ ಎಂದು ಕೇಳಬೇಡಿ, ‘ಈಗ ಏನು ಮಾಡೋಣ?’ ಎಂದು ಕೇಳಿ. ಮೊದಲನೆಯದು ತಪ್ಪು ಹುಡುಕುವ ಪ್ರಶ್ನೆ, ಎರಡನೆಯದು ದಾರಿ ಹುಡುಕುವ ಪ್ರಶ್ನೆ. ತಂದೆಗೆ ಇದು ಸುಲಭವಾಗಲಿಲ್ಲ. ಸಿಟ್ಟಿನ ಹಿಂದೆ ಇದ್ದದ್ದು ಹೆದರಿಕೆ ಎಂದು ಅವರೇ ಮುಂದೊಂದು ದಿನ ಹೇಳಿದರು.

ನಾಲ್ಕು ತಿಂಗಳ ಬಳಿಕ ಹುಡುಗಿ ಅದೇ ಪುಸ್ತಕವನ್ನು ನನಗೆ ತೋರಿಸಿದಳು. 96, 212, 64, 175, 281. 281ರ ಪಕ್ಕದಲ್ಲಿ ‘ಅಜ್ಜಿ ಮನೆ, ಎರಡು ಹೋಳಿಗೆ, ಔಷಧಿ ತಡ’ ಎಂದು ಸಣ್ಣಗೆ ಬರೆದಿತ್ತು. ಎಚ್‌ಬಿಎ1ಸಿ ಇನ್ನೂ ಗುರಿ ಮುಟ್ಟಿರಲಿಲ್ಲ, ಆದರೆ ಇಳಿಯತೊಡಗಿತ್ತು. ಪಟ್ಟಿ ಅಚ್ಚುಕಟ್ಟಾಗಿರಲಿಲ್ಲ. ಪ್ರಯೋಗ ನಿಜವಾಗಿ ನಡೆದಿದೆ ಎಂಬುದು ಮಾತ್ರ ನನಗೆ ನೋಡಿದೊಡನೆ ತಿಳಿಯಿತು.